ಕೇಳಿ, ಹೇಳ್ತೀವಿ: ಬಂದೂಕಿನ ಪೆಟ್ಟಿಗೆ ಎಷ್ಟು ಭದ್ರ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗನ್ ಸೇಫ್ ಮತ್ತು ಸಣ್ಣ ಲಾಕ್‌ಬಾಕ್ಸ್‌ಗಳ ಬಗ್ಗೆಯೇ ಇವೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರ ಬರೆದಿದ್ದೇನೆ. ಈಗಾಗಲೇ ದುಡ್ಡು ಕೊಟ್ಟು ತಂದಿಟ್ಟುಕೊಂಡವರಿಗೆ ಸ್ವಲ್ಪ ಬೇಜಾರಾಗಬಹುದು. ತಂದದ್ದನ್ನು ಎಸೆಯಿರಿ ಅಂತ ಹೇಳುತ್ತಿಲ್ಲ, ಅದರಿಂದ ಏನಾಗುತ್ತದೆ ಏನಾಗುವುದಿಲ್ಲ ಅನ್ನುವುದು ಗೊತ್ತಿರಲಿ ಅಂತ ಅಷ್ಟೆ.

ಪ್ರಶ್ನೆ: ಹಾಸಿಗೆ ಪಕ್ಕ ಇಟ್ಟುಕೊಳ್ಳೋಣ ಅಂತ ನಂಬರ್ ಒತ್ತಿ ತೆರೆಯುವ ಸಣ್ಣ ಡಿಜಿಟಲ್ ಪೆಟ್ಟಿಗೆ ಕೊಂಡಿದ್ದೇನೆ. ನೋಡಲು ಗಟ್ಟಿಯಾಗೇ ಇದೆ. ಗೆಳೆಯನೊಬ್ಬ ‘ಮೇಲೆ ಒಂದು ಗುದ್ದಿದರೆ ತೆರೆದುಕೊಳ್ಳುತ್ತೆ ಬಿಡು’ ಅಂತ ನಗುತ್ತಾನೆ. ನಿಜವಾ?

ಎಲ್ಲ ಪೆಟ್ಟಿಗೆಗಳ ವಿಷಯದಲ್ಲಿ ಅಲ್ಲ, ಆದರೆ ಅಗ್ಗದ ಎಷ್ಟೋ ಪೆಟ್ಟಿಗೆಗಳ ವಿಷಯದಲ್ಲಿ ನಿಜ. ಯಾಕೆ ಅಂತ ಹೇಳುತ್ತೇನೆ. ನಂಬರ್ ಒತ್ತಿದ ಕೂಡಲೇ ಒಳಗೆ ಮೋಟಾರ್ ತಿರುಗಿ ಚಿಲಕ ಎಳೆಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಇಂಥ ಪೆಟ್ಟಿಗೆಯಲ್ಲಿ ಚಿಲಕ ಸರಿಸುವುದು ನೀವು ಕೈಯಲ್ಲಿ ತಿರುಗಿಸುವ ಹಿಡಿಯೇ. ಆ ಹಿಡಿ ತಿರುಗದ ಹಾಗೆ ಒಂದು ಗಿಡ್ಡ ಕಬ್ಬಿಣದ ಕಡ್ಡಿ ಅಡ್ಡ ನಿಂತಿರುತ್ತದೆ, ಅದನ್ನು ಜಾಗ ಬಿಟ್ಟು ಕದಲದಂತೆ ಹಿಡಿದಿರುವುದು ಪೆನ್ನಿನೊಳಗೆ ಇರುವಂಥ ಒಂದು ಸಪೂರ ಸ್ಪ್ರಿಂಗು. ನಂಬರ್ ಸರಿ ಇದ್ದರೆ ಬ್ಯಾಟರಿಯಿಂದ ಕರೆಂಟು ಹರಿದು ಸೊಲೆನಾಯ್ಡ್ ಅನ್ನುವ ತಂತಿಸುರುಳಿ ಆ ಕಡ್ಡಿಯನ್ನು ಒಂದೆರಡು ಸೆಕೆಂಡು ಒಳಗೆ ಎಳೆದುಕೊಳ್ಳುತ್ತದೆ. ನೀವು ಹಿಡಿ ತಿರುಗಿಸುತ್ತೀರಿ, ಬಾಗಿಲು ತೆರೆಯುತ್ತದೆ. ಅಂದರೆ ಸುತ್ತಲಿನ ಉಕ್ಕು ಎಷ್ಟೇ ದಪ್ಪ ಇರಲಿ, ಭದ್ರತೆ ನಿಂತಿರುವುದು ಆ ಸ್ಪ್ರಿಂಗಿನ ಮೇಲೆ. ಪೆಟ್ಟಿಗೆಗೆ ಜೋರಾಗಿ ಏಟು ಬಿದ್ದರೆ ಕಡ್ಡಿಯೂ ಜಿಗಿಯುತ್ತದೆ. ಕಬ್ಬಿಣವಾದ್ದರಿಂದ ಬಲವಾದ ಮ್ಯಾಗ್ನೆಟ್ ಕರೆದ ಕಡೆಗೂ ಹೋಗುತ್ತದೆ.

ಇದು ಹೊಸ ವಿಷಯವೇನೂ ಅಲ್ಲ. 2012ರಲ್ಲೇ ಅಮೆರಿಕದ ಬೀಗತಜ್ಞ ಮಾರ್ಕ್ ವೆಬರ್ ಟೋಬಿಯಾಸ್ ಮತ್ತು ಅವರ ಜೊತೆಗಾರರು ಅಂಗಡಿಯಲ್ಲಿ ಸಿಗುವ ಸಣ್ಣ ಸೇಫ್‌ಗಳನ್ನು ತಂದು ಒಂದೊಂದಾಗಿ ಪರೀಕ್ಷೆ ಮಾಡಿ, ಲಾಸ್ ವೇಗಸ್‌ನಲ್ಲಿ ನಡೆಯುವ ಡೆಫ್ ಕಾನ್ ಅನ್ನುವ ಹ್ಯಾಕರ್‌ಗಳ ಸಮಾವೇಶದಲ್ಲಿ ತೋರಿಸಿದ್ದರು. ತಂತಿಯ ಚೂರು, ಪೇಪರ್ ಕ್ಲಿಪ್ಪು, ಇಷ್ಟೇ ಸಾಮಾನು. ಕೆಲವು ಪೆಟ್ಟಿಗೆಗಳನ್ನು ಒಂದು ಕಡೆ ಒಂದೆರಡು ಇಂಚು ಎತ್ತಿ ಬಿಟ್ಟರೆ ಸಾಕಿತ್ತು, ಮೂರು ವರ್ಷದ ಮಗು ಅದನ್ನು ತೆರೆದು ತೋರಿಸಿತು. ನನಗೆ ಇದರಲ್ಲಿ ಸಿಟ್ಟು ಬರುವುದು ಎಲ್ಲಿ ಅಂದರೆ, ಆ ಪೆಟ್ಟಿಗೆಗಳನ್ನು ಮಾರುತ್ತಿದ್ದದ್ದೇ ಮಕ್ಕಳ ಕೈಗೆ ಸಿಗದಿರಲಿ ಅಂತ.

ಕುಲುಕುವ ಕಡ್ಡಿ ಒಂದೇ ಅಲ್ಲ. ನಂಬರ್ ಬದಲಾಯಿಸಲು ಬಾಗಿಲ ಒಳಗೊಂದು ಗುಂಡಿ ಇರುತ್ತದೆ, ಬೋಲ್ಟ್ ಹಾಕಲು ಹಿಂದೆ ಕೊರೆದ ತೂತು ಖಾಲಿ ಬಿಟ್ಟಿದ್ದರೆ ಅದು ಹೊರಗಿನಿಂದಲೇ ಎಟುಕಬಹುದು. ಬ್ಯಾಟರಿ ಸತ್ತಾಗ ಬೇಕು ಅಂತ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಒಂದು ಕೀಲಿತೂತು ಇರುತ್ತದೆ, ಅಲ್ಲಿ ಹಾಕಿರುವುದು ಸಾಮಾನ್ಯವಾಗಿ ಇಡೀ ಪೆಟ್ಟಿಗೆಯಲ್ಲೇ ಅತಿ ಅಗ್ಗದ ಬೀಗ. ಹನ್ನೆರಡು ಗುಂಡಿಯ ಕೀಪ್ಯಾಡ್, ಹಸಿರು ದೀಪ, ಬೀಪ್ ಸದ್ದು ಎಲ್ಲ ಇದ್ದೂ ಭದ್ರತೆ ಆ ಕೀಲಿತೂತಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ.

ನಿಮ್ಮದನ್ನು ನೀವೇ ನೋಡಿಕೊಳ್ಳಿ. ಪೆಟ್ಟಿಗೆ ಖಾಲಿ ಮಾಡಿ, ಬೀಗ ಹಾಕಿ, ಹಿಡಿಯನ್ನು ತಿರುಗಿಸುವ ಕಡೆಗೆ ಒತ್ತಿ ಹಿಡಿದು, ನಾಲ್ಕಾರು ಸಲ ಜೋರಾಗಿ ತಟ್ಟಿ. ತೆರೆದುಕೊಂಡರೆ ಅದರಲ್ಲಿ ದಾಖಲೆ ಪತ್ರ ಇಡಿ, ಪಿಸ್ತೂಲು ಬೇಡ. ಹೊಸದು ಕೊಳ್ಳುವುದಾದರೆ ಮೋಟಾರಿನಿಂದ ಚಿಲಕ ಸರಿಯುವಂಥದ್ದೋ, ಬ್ಯಾಟರಿಯೇ ಇಲ್ಲದೆ ಗುಂಡಿ ಒತ್ತಿ ತೆರೆಯುವ ಮೆಕ್ಯಾನಿಕಲ್ ಬೀಗದ್ದೋ ನೋಡಿ. ಐದು ಗುಂಡಿಯ ಮೆಕ್ಯಾನಿಕಲ್ ಬೀಗಕ್ಕೆ ಇರುವುದು 1,082 ಜೋಡಣೆ ಮಾತ್ರ, ತಪ್ಪು ಒತ್ತಿದರೆ ಅದು ಲಾಕ್ ಆಗಿ ಕೂರುವುದೂ ಇಲ್ಲ. ಗಂಟೆಗಟ್ಟಲೆ ಕೂತು ಒತ್ತುವ ತಾಳ್ಮೆ ಇದ್ದವರಿಗೆ ಸಿಕ್ಕೇ ಸಿಗುತ್ತದೆ. ಆದರೂ ಕುಲುಕಿದರೆ ತೆರೆಯುವ ಪೆಟ್ಟಿಗೆಗಿಂತ ಸಾವಿರ ಪಾಲು ವಾಸಿ.

ಪ್ರಶ್ನೆ: ನಂಬರ್ ಮರೆತುಹೋಗುತ್ತದೆ ಅಂತ ಫಿಂಗರ್‌ಪ್ರಿಂಟ್ ಇರುವ ಸೇಫ್ ತರಬೇಕು ಅಂತಿದ್ದೇನೆ. ನನ್ನ ಬೆರಳಿಗೆ ಮಾತ್ರ ತೆರೆಯುವುದರಿಂದ ಇದೇ ಹೆಚ್ಚು ಸುರಕ್ಷಿತ ಅಲ್ವಾ?

‘ನನ್ನ ಬೆರಳಿಗೆ ಮಾತ್ರ’ ಅನ್ನುವುದನ್ನು ಖಾತ್ರಿ ಮಾಡಿಕೊಂಡಿದ್ದೀರಾ? 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಫೋರ್ಟ್ರೆಸ್ ಕಂಪನಿಯ ಸುಮಾರು 61,000 ಬಯೋಮೆಟ್ರಿಕ್ ಗನ್ ಸೇಫ್‌ಗಳನ್ನು ಹಿಂದಕ್ಕೆ ಕರೆಸಿತು. ಬೇರೆಯವರ ಬೆರಳಿಗೂ ತೆರೆದುಕೊಂಡಿತು ಅಂತ 39 ದೂರು ಬಂದಿದ್ದವು. ಹನ್ನೆರಡು ವರ್ಷದ ಹುಡುಗನೊಬ್ಬ ಇಂಥ ಸೇಫ್‌ನಿಂದ ತೆಗೆದ ಬಂದೂಕಿನಿಂದ ಸತ್ತಿದ್ದ. ಮುಂದಿನ ವರ್ಷ ಇನ್ನೂ ಕೆಲವು ಕಂಪನಿಗಳ ಸೇಫ್‌ಗಳನ್ನೂ ಇದೇ ಕಾರಣಕ್ಕೆ ಕರೆಸಿದರು.

ತೊಂದರೆ ಎಲ್ಲಿತ್ತು ಅಂದರೆ, ಇಂಥ ಸೇಫ್ ಪೆಟ್ಟಿಗೆಯಿಂದ ಹೊರಬಂದಾಗ ಯಾವ ಬೆರಳಿಟ್ಟರೂ ತೆರೆಯುವ ಸ್ಥಿತಿಯಲ್ಲಿರುತ್ತದೆ. ಮೊದಲ ಬೆರಳು ಸರಿಯಾಗಿ ದಾಖಲಾಗುವವರೆಗೂ ಹಾಗೇ. ನೀವು ಕೈಪಿಡಿ ನೋಡಿಕೊಂಡು ಬೆರಳಿಡುತ್ತೀರಿ, ಏನೋ ಬೀಪ್ ಅನ್ನುತ್ತದೆ, ದಾಖಲಾಯಿತು ಅಂದುಕೊಳ್ಳುತ್ತೀರಿ. ನಿಜಕ್ಕೂ ದಾಖಲಾಗಿರುವುದಿಲ್ಲ. ಆಮೇಲೆ ದಿನಾ ನಿಮ್ಮ ಬೆರಳಿಟ್ಟಾಗಲೆಲ್ಲ ಬಾಗಿಲು ತೆರೆಯುತ್ತದೆ, ನಿಮಗೆ ಸಂಶಯ ಬರುವ ಕಾರಣವೇ ಇಲ್ಲ. ಪಕ್ಕದ ಮನೆಯವರ ಬೆರಳಿಟ್ಟರೂ ತೆರೆಯುತ್ತಿತ್ತು ಅನ್ನುವುದು ತಿಳಿಯುವುದು ಯಾರಾದರೂ ಇಟ್ಟಾಗ ಮಾತ್ರ. ಹಾಗಾಗಿ ಸೇಫ್ ಖಾಲಿ ಇಟ್ಟುಕೊಂಡು, ದಾಖಲು ಮಾಡದ ನಿಮ್ಮದೇ ಬೇರೆ ಬೆರಳುಗಳು, ಮನೆಯ ದೊಡ್ಡವರ ಬೆರಳುಗಳು, ಎಲ್ಲ ಇಟ್ಟು ನೋಡಿ. ಬ್ಯಾಟರಿ ಬದಲಿಸಿದ ಮೇಲೆ ಮತ್ತೊಮ್ಮೆ ನೋಡಿ. ಒದ್ದೆ ಕೈ, ಬಿರುಕು ಬಿಟ್ಟ ಚರ್ಮ ಇದ್ದಾಗ ನಿಮಗೇ ತೆರೆಯದೆ ಸತಾಯಿಸುವುದು ಬೇರೆ ಕತೆ. ನನ್ನನ್ನು ಕೇಳಿದರೆ ನಂಬರೇ ವಾಸಿ.

ಪ್ರಶ್ನೆ: ಕಾರಿನ ಸೀಟಿನ ಕಾಲಿಗೆ ಕೇಬಲ್ ಸುತ್ತಿ ಕಟ್ಟುವ ಪೆಟ್ಟಿಗೆ ಹೇಗೆ?

ಆ ಕೇಬಲ್ ಕತ್ತರಿಸಲು ಒಂದು ಒಳ್ಳೆ ಕಟರ್ ಇದ್ದರೆ ಕೆಲವೇ ಸೆಕೆಂಡು ಸಾಕು. ಅರ್ಧ ಗಂಟೆ ಒಳಗೆ ಹೋಗಿ ಬರುವಾಗ ಕಿಟಕಿ ಒಡೆದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡುವವನನ್ನು ತಡೆಯುತ್ತದೆ. ರಾತ್ರಿಯಿಡೀ ಕಾರಿನಲ್ಲಿ ಬಿಡುವ ಯೋಚನೆ ಇದ್ದರೆ ಬೇಡ.

ಪ್ರಶ್ನೆ: ಆಳೆತ್ತರದ ಗನ್ ಸೇಫ್ ಇದೆ. ಬಾಗಿಲು ನಾಲ್ಕು ಇಂಚು ದಪ್ಪ, ಸುತ್ತಲೂ ಬೆರಳು ದಪ್ಪದ ಬೋಲ್ಟ್‌ಗಳು, ಒಳಗೆ ‘ಆರ್‌ಎಸ್‌ಸಿ’ ಅಂತ ಯುಎಲ್ ಅನ್ನುವ ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯ ಚೀಟಿಯೂ ಅಂಟಿಸಿದೆ. ಇನ್ನೂರು ಕಿಲೋಗಿಂತ ಜಾಸ್ತಿ ತೂಕ, ಹೊತ್ತುಕೊಂಡು ಹೋಗುವುದು ಸಾಧ್ಯವೇ ಇಲ್ಲ. ಇದಕ್ಕೂ ನೀವು ತಕರಾರು ತೆಗೆಯುತ್ತೀರಾ?

ತೆಗೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಣ್ಣ ಪೆಟ್ಟಿಗೆ ಸೋಲುವುದು ಬೀಗದಲ್ಲಿ, ದೊಡ್ಡದು ಸೋಲುವುದು ತಗಡಿನಲ್ಲಿ.

ಮೊದಲು ಆ ನಾಲ್ಕು ಇಂಚು. ಬಹುತೇಕ ಗನ್ ಸೇಫ್‌ಗಳ ಬಾಗಿಲಿನಲ್ಲಿ ಉಕ್ಕು ಇರುವುದು ಕೆಲವೇ ಮಿಲಿಮೀಟರ್. ಉಳಿದದ್ದೆಲ್ಲ ಜಿಪ್ಸಮ್ ಬೋರ್ಡ್, ಅಂದರೆ ಫಾಲ್ಸ್ ಸೀಲಿಂಗ್‌ಗೆ ಹಾಕುವ ಅದೇ ಬಿಳಿ ಹಲಗೆ. ಅದು ಬೆಂಕಿಗೆ, ಕಳ್ಳನಿಗಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಬನ್ನಿ, ಮೈಗೆ ಹಾಕಿದ ಉಕ್ಕು ಇನ್ನೂ ತೆಳು. ಕೈಪಿಡಿಯಲ್ಲಿ ‘ಗೇಜ್’ ಅಂತ ಬರೆದಿರುತ್ತಾರೆ. ಅದರಲ್ಲಿ ಸಂಖ್ಯೆ ಏರಿದಷ್ಟೂ ತಗಡು ತೆಳುವಾಗುತ್ತದೆ: 14 ಗೇಜ್ ಅಂದರೆ ಸುಮಾರು 1.9 ಮಿ.ಮೀ., 12 ಅಂದರೆ 2.7, 10 ಅಂದರೆ 3.4, 7 ಅಂದರೆ 4.6. ಹದಿನಾಲ್ಕು ಗೇಜಿನ ತಗಡನ್ನು ಬ್ಯಾಟರಿ ಗ್ರೈಂಡರ್ ಎಷ್ಟು ಹೊತ್ತಿನಲ್ಲಿ ಕೊಯ್ಯುತ್ತದೆ ಅಂತ ಯಾವುದೇ ವೆಲ್ಡಿಂಗ್ ಅಂಗಡಿಯ ಹುಡುಗನನ್ನು ಕೇಳಿ, ನಗುತ್ತಾನೆ. ಪಕ್ಕದಿಂದ ಕೊಯ್ದು ಕೈ ಹಾಕುವವನಿಗೆ ಬಾಗಿಲಿಗೆ ಎಷ್ಟು ಬೋಲ್ಟ್ ಇದ್ದರೇನು?

ಇನ್ನು ಆ ಚೀಟಿ. ಆರ್‌ಎಸ್‌ಸಿ ಅಂದರೆ ಮನೆಬಳಕೆಯ ಭದ್ರತಾ ಪೆಟ್ಟಿಗೆ. ಯುಎಲ್‌ನವರು ‘ಸೇಫ್’ ಅನ್ನುವ ಮಾತನ್ನೇ ಅಲ್ಲಿ ಬಳಸಿಲ್ಲ ನೋಡಿ. ಯುಎಲ್ 1037 ಮಾನದಂಡದ ಮೊದಲ ಹಂತದಲ್ಲಿ ಒಬ್ಬ ಪರೀಕ್ಷಕ ಸ್ಕ್ರೂಡ್ರೈವರ್, ಸುತ್ತಿಗೆ, ಸಣ್ಣ ಹಾರೆಕೋಲು, ಕೈ ಡ್ರಿಲ್ ಇಟ್ಟುಕೊಂಡು 5 ನಿಮಿಷ ಹೊಡೆದಾಡುತ್ತಾನೆ. ಅಷ್ಟರಲ್ಲಿ ತೆರೆಯದಿದ್ದರೆ ಪಾಸು. ಗ್ರೈಂಡರ್ ಇಲ್ಲ, ಇನ್ನೊಬ್ಬ ಆಳೂ ಇಲ್ಲ. ಆದರೆ ಈ 5 ನಿಮಿಷವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಪಕರಣ ಸೇಫ್‌ಗೆ ತಾಗುತ್ತಿರುವ ಹೊತ್ತು ಮಾತ್ರ ಗಡಿಯಾರ ಓಡುತ್ತದೆ, ಉಸಿರು ತೆಗೆದುಕೊಳ್ಳಲು ನಿಂತರೆ ಅದೂ ನಿಲ್ಲುತ್ತದೆ, ಮತ್ತೆ ಹೊಡೆಯುವವನು ಸೇಫ್‌ನ ನಕ್ಷೆ ಓದಿಕೊಂಡು ಬಂದ ಅನುಭವಿ. ಗಡಿಬಿಡಿಯಲ್ಲಿ ನುಗ್ಗಿದ ಕಳ್ಳನಿಗೆ ಅದೇ ಕೆಲಸಕ್ಕೆ ಜಾಸ್ತಿ ಹೊತ್ತು ಬೇಕು. ಯಾವ ಚೀಟಿಯೂ ಇಲ್ಲದ ಪೆಟ್ಟಿಗೆಗಿಂತ ನಿಮ್ಮದು ಖಂಡಿತ ಮೇಲು.

ಕರೆಂಟಿನ ಉಪಕರಣಗಳಿಗೂ ಜಗ್ಗಬಾರದು ಅಂದರೆ ಟಿಎಲ್-15, ಟಿಎಲ್-30 ಅನ್ನುವ ದರ್ಜೆಗೆ ಹೋಗಬೇಕು. ಮೊದಲನೆಯದರಲ್ಲಿ ಕಾರ್ಬೈಡ್ ಡ್ರಿಲ್‌ನಂಥವನ್ನು ಹಿಡಿದು 15 ನಿಮಿಷ, ಎರಡನೆಯದರಲ್ಲಿ ಕಟಿಂಗ್ ಡಿಸ್ಕನ್ನೂ ಸೇರಿಸಿಕೊಂಡು 30 ನಿಮಿಷ ಪ್ರಯತ್ನ ಮಾಡುತ್ತಾರೆ. ಅಲ್ಲೂ ಒಂದು ಗುಟ್ಟಿದೆ: ಪಕ್ಕದಲ್ಲಿ ‘x6’ ಅಂತ ಇಲ್ಲದಿದ್ದರೆ ಪರೀಕ್ಷೆ ಮಾಡಿರುವುದು ಬಾಗಿಲು, ಮುಂಭಾಗ ಮಾತ್ರ, ಆರೂ ಬದಿ ಅಲ್ಲ. ಯುರೋಪಿನಲ್ಲಿ ಲೆಕ್ಕ ಬೇರೆ. ಹಗುರ ಕಪಾಟುಗಳಿಗೆ ಇಎನ್ 14450, ನಿಜವಾದ ತಿಜೋರಿಗಳಿಗೆ ಇಎನ್ 1143-1. ಜರ್ಮನಿಯಲ್ಲಂತೂ 2017ರಿಂದ ಹೊಸದಾಗಿ ಬಂದೂಕಿನ ಕಪಾಟು ಕೊಳ್ಳುವವರು ಎರಡನೆಯದರಲ್ಲಿ ಕನಿಷ್ಠ 0 ದರ್ಜೆಯದ್ದನ್ನೇ ಕೊಳ್ಳಬೇಕು ಅಂತ ಕಾನೂನು ಬಿಗಿ ಮಾಡಿದರು.

ತೂಕದ ಮಾತಿಗೆ ಬಂದರೆ, ಇನ್ನೂರು ಕಿಲೋ ಸೇಫನ್ನು ನಿಮ್ಮ ಮನೆಯೊಳಗೆ ತಂದಿಟ್ಟವರು ಎಷ್ಟು ಜನ? ಇಬ್ಬರು, ಒಂದು ತಳ್ಳುಗಾಡಿ, ಅಷ್ಟೇ ಅಲ್ವಾ? ತಂದ ಹಾಗೇ ಹೊರಗೂ ಹೋಗುತ್ತದೆ. ಎತ್ತಿಕೊಂಡು ಹೋಗದಿದ್ದರೂ, ನಿಂತ ಸೇಫನ್ನು ಬೆನ್ನ ಮೇಲೆ ಮಲಗಿಸಿಬಿಟ್ಟರೆ ಕೆಲಸ ಅರ್ಧ ಮುಗಿದ ಹಾಗೆ. ನಿಂತ ಬಾಗಿಲಿಗೆ ಹಾರೆ ಹಾಕಿದವನು ಕೈಬಲದಲ್ಲಿ ಎಳೆಯಬೇಕು, ಮಲಗಿದ ಬಾಗಿಲಿಗೆ ಹಾಕಿದವನು ಹಾರೆಯ ಮೇಲೆ ಹತ್ತಿ ನಿಲ್ಲಬಹುದು. ಅದಕ್ಕೇ ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿ ಅಂತ ಬಡಿದುಕೊಳ್ಳುವುದು. ತಳದಲ್ಲಿ ಅದಕ್ಕೆಂದೇ ತೂತು ಕೊಟ್ಟಿರುತ್ತಾರೆ, ಮುಕ್ಕಾಲು ಜನ ಅದನ್ನು ಮುಟ್ಟುವುದೇ ಇಲ್ಲ. ಜಾಗ ಆರಿಸುವಾಗ ಮೂಲೆ ನೋಡಿ, ಬಾಗಿಲು ತೆರೆದುಕೊಳ್ಳುವ ಅಂಚು ಗೋಡೆಗೆ ಹತ್ತಿರ ಇರಲಿ, ಹಾರೆ ಬೀಸಲು ಜಾಗ ಸಿಗಬಾರದು. ಹೊಸ ಸೇಫ್‌ಗೆ ಹಾಕುವ ದುಡ್ಡಿಗಿಂತ ಆ ನಾಲ್ಕು ಬೋಲ್ಟು ನಿಮಗೆ ಜಾಸ್ತಿ ಭದ್ರತೆ ಕೊಡುತ್ತವೆ.

ಹಿಂಜ್ ಹೊರಗೆ ಕಾಣುತ್ತಿದೆ, ಕತ್ತರಿಸಿಬಿಡುತ್ತಾರೆ ಅಂತ ಇನ್ನೊಬ್ಬರು ಹೆದರಿ ಬರೆದಿದ್ದಾರೆ. ಆ ಬದಿಯಲ್ಲೂ ಬಾಗಿಲನ್ನು ಹಿಡಿಯುವ ಬೋಲ್ಟೋ ಪಟ್ಟಿಯೋ ಇದ್ದರೆ ಹಿಂಜ್ ಕತ್ತರಿಸಿದವನ ಶ್ರಮ ದಂಡ. ತೆರೆದು ನೋಡಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಡಯಲ್ ತಿರುಗಿಸುವ ಹಳೇ ಬೀಗ ಒಳ್ಳೇದಾ, ಎಲೆಕ್ಟ್ರಾನಿಕ್ ಒಳ್ಳೇದಾ? ಕಂಪನಿಯವರ ಹತ್ತಿರ ಗುಪ್ತ ನಂಬರ್ ಇರುತ್ತದೆ ಅನ್ನುವುದು ಹೌದಾ?

ಎರಡನೆಯದಕ್ಕೆ ಮೊದಲು ಉತ್ತರ. ಇರಬಹುದು. 2023ರಲ್ಲಿ ಎಫ್‌ಬಿಐನವರು ವಾರಂಟ್ ಹಿಡಿದು ಕೇಳಿದಾಗ ಅಮೆರಿಕದ ಲಿಬರ್ಟಿ ಸೇಫ್ ಕಂಪನಿ ಗ್ರಾಹಕನೊಬ್ಬನ ಸೇಫ್ ತೆರೆಯುವ ನಂಬರ್ ಕೊಟ್ಟುಬಿಟ್ಟಿತು. ಕಾನೂನಿನ ಪ್ರಕಾರ ಸರಿಯೋ ತಪ್ಪೋ ಆಮೇಲಿನ ಮಾತು, ಆದರೆ ನಮ್ಮ ಸೇಫ್‌ಗೆ ಇನ್ನೊಂದು ನಂಬರ್ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಆಗ. ದೊಡ್ಡ ಗಲಾಟೆಯಾಗಿ, ಬೇಡವಾದವರು ಕೇಳಿದರೆ ಆ ನಂಬರ್ ಅಳಿಸುತ್ತೇವೆ ಅಂತ ಕಂಪನಿ ಒಪ್ಪಿತು. ಆ ಸುದ್ದಿ ನೋಡಿ ಕುತೂಹಲ ಹುಟ್ಟಿದ ಜೇಮ್ಸ್ ರೌಲಿ ಮತ್ತು ಮಾರ್ಕ್ ಓಮೊ ಎಂಬ ಇಬ್ಬರು ಸಂಶೋಧಕರು, ಹಲವು ಕಂಪನಿಗಳ ಸೇಫ್‌ಗಳಲ್ಲಿ ಬರುವ ಸೆಕ್ಯುರಾಮ್ ಪ್ರೊಲಾಜಿಕ್ ಎಲೆಕ್ಟ್ರಾನಿಕ್ ಬೀಗವನ್ನು ಬಿಚ್ಚಿ ನೋಡಿದರು. ಬೀಗ ರಿಪೇರಿಯವರಿಗೆ ಅಂತ ಬಿಟ್ಟಿದ್ದ ಹಿಂಬಾಗಿಲಿನಿಂದಲೇ ಅದನ್ನು ತೆರೆಯಬಹುದು ಅಂತ 2025ರ ಡೆಫ್ ಕಾನ್‌ನಲ್ಲಿ ತೋರಿಸಿದರು. 2016ರಲ್ಲೇ ಪ್ಲೋರ್ ಅನ್ನುವ ಅಡ್ಡಹೆಸರಿನ ಸಂಶೋಧಕ ಇನ್ನೊಂದು ದಾರಿ ತೋರಿಸಿದ್ದ. ಬೀಗದೊಳಗಿನ ಚಿಪ್ಪು ನಂಬರನ್ನು ಓದುವಾಗ ಎಳೆದುಕೊಳ್ಳುವ ಕರೆಂಟು ಒಂದಿಷ್ಟು ಏರಿಳಿಯುತ್ತದೆ, ಆ ಏರಿಳಿತ ಅಳೆದೇ ನಂಬರ್ ಪತ್ತೆ ಮಾಡಿದ್ದ. ಬೀಗದ ಮೇಲೆ ಒಂದು ಗೀರೂ ಇಲ್ಲ.

ಇದನ್ನೆಲ್ಲ ಓದಿ ನಿದ್ದೆ ಕೆಡಿಸಿಕೊಳ್ಳಬೇಡಿ. ಇಷ್ಟು ಓದಿಕೊಂಡವನು ನಿಮ್ಮ ಮನೆಗೆ ನುಗ್ಗುವುದು ಅಪರೂಪ, ಹಾರೆ ಹಿಡಿದವನು ಬರುವುದೇ ಜಾಸ್ತಿ. ಕಂಪನಿಯ ಪೋರ್ಟಲ್‌ನಲ್ಲೋ ಪತ್ರ ಬರೆದೋ ಗುಪ್ತ ನಂಬರ್ ತೆಗೆಸಿ, ಹೊಸ ಸಾಫ್ಟ್‌ವೇರ್ ಇರುವ ಬೀಗ ಸಿಕ್ಕರೆ ಹಾಕಿಸಿ. ಕೀಪ್ಯಾಡ್‌ನಲ್ಲಿ ನಾಲ್ಕು ಗುಂಡಿ ಮಾತ್ರ ಸವೆದು ಹೊಳೆಯುತ್ತಿದ್ದರೆ ನಂಬರ್ ಬದಲಿಸಿ, ಆ ಹೊಳಪು ಮಕ್ಕಳಿಗೂ ಕಾಣುತ್ತದೆ.

ಡಯಲ್ ಬೀಗಕ್ಕೆ ಬ್ಯಾಟರಿ ಬೇಡ, ಹಿಂಬಾಗಿಲು ಇಲ್ಲ. ಮೂರು ಸಂಖ್ಯೆ, ಒಂದೊಂದಕ್ಕೂ ನೂರು ಗೆರೆ, ಕಾಗದದ ಮೇಲೆ ಹತ್ತು ಲಕ್ಷ ಜೋಡಣೆ. ಒಂದು ಗೆರೆ ಆಚೀಚೆ ಆದರೂ ಒಪ್ಪಿಕೊಳ್ಳುವುದರಿಂದ ನಿಜಕ್ಕೂ ಅಷ್ಟಿರುವುದಿಲ್ಲ. ಕೈಚಳಕದಿಂದ ತೆರೆಯುವ ಪರಿಣತರ ಎದುರು ಗ್ರೂಪ್ 1 ದರ್ಜೆಯದ್ದು 20 ಗಂಟೆ, 2ಎಂ ದರ್ಜೆಯದ್ದು 2 ಗಂಟೆ ತಾಳಬೇಕು ಅಂತ ಯುಎಲ್ ನಿಯಮ. ಮನೆ ಸೇಫ್‌ಗಳಲ್ಲಿ ಬರುವುದು ಹೆಚ್ಚಾಗಿ ಬರೀ ಗ್ರೂಪ್ 2, ಅದಕ್ಕೆ ಇಂಥ ಗಂಟೆ ಲೆಕ್ಕ ಇಲ್ಲ. ಇದರ ದೊಡ್ಡ ಶತ್ರು ನಮ್ಮ ಸೋಮಾರಿತನ. ಪ್ರತಿ ಸಲ ಮೂರೂ ಸಂಖ್ಯೆ ತಿರುಗಿಸುವುದು ಯಾಕೆ ಅಂತ ಡಯಲನ್ನು ಸ್ವಲ್ಪವೇ ಸರಿಸಿ ಬಿಡುತ್ತಾರೆ, ಮತ್ತೆ ಕೊನೆಯ ಸಂಖ್ಯೆಗೆ ತಂದರೆ ತೆರೆದುಕೊಳ್ಳಲಿ ಅಂತ. ಹಾಗೆ ಬಿಟ್ಟ ಸೇಫ್‌ಗೆ ಬೀಗ ಹಾಕಿದ್ದಾರೆ ಅಂತ ಹೇಳುವುದು ಕಷ್ಟ.

ಪ್ರಶ್ನೆ: ‘60 ನಿಮಿಷ ಬೆಂಕಿಗೆ ಜಗ್ಗುವುದಿಲ್ಲ’ ಅಂತ ಬರೆದಿದೆ. ಪತ್ರಗಳು, ಹಾರ್ಡ್ ಡಿಸ್ಕ್ ಎಲ್ಲ ಬಂದೂಕಿನ ಜೊತೆಗೇ ಇಡಬಹುದಾ?

ಯಾರು ಪರೀಕ್ಷೆ ಮಾಡಿದ 60 ನಿಮಿಷ ಅಂತ ಕೇಳಿ. ಯುಎಲ್‌ನವರ ಬೆಂಕಿ ಪರೀಕ್ಷೆಯ ಮಾನದಂಡವಾದ ‘ಯುಎಲ್ 72’ ಅಂತ ಇದ್ದರೆ ಒಂದು ಅರ್ಥ ಇದೆ, ಎಷ್ಟೋ ಗನ್ ಸೇಫ್‌ಗಳಲ್ಲಿ ಅದು ಕಂಪನಿಯೇ ಕೊಟ್ಟುಕೊಂಡ ಸರ್ಟಿಫಿಕೇಟು. ಕಾಗದಕ್ಕೆ ಒಳಗಿನ ಬಿಸಿ 177 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅನ್ನುವುದು ಲೆಕ್ಕ. ಹಾರ್ಡ್ ಡಿಸ್ಕ್‌ಗಳಂಥವಕ್ಕೆ ಇರುವ ದರ್ಜೆಯಲ್ಲಿ 52 ಡಿಗ್ರಿಯೇ ಮಿತಿ. ಕಾಗದ ಉಳಿಯುವ ಸೇಫ್‌ನಲ್ಲಿ ಡಿಸ್ಕ್ ಉಳಿಯಬೇಕು ಅಂತೇನಿಲ್ಲ. ಜಿಪ್ಸಮ್ ಕೆಲಸ ಮಾಡುವುದು ತನ್ನೊಳಗಿನ ನೀರನ್ನು ಹಬೆಯಾಗಿ ಬಿಟ್ಟು. ಬೆಂಕಿ ಇಲ್ಲದ ದಿನಗಳಲ್ಲೂ ಮುಚ್ಚಿದ ಸೇಫ್‌ನೊಳಗೆ ತೇವ ನಿಲ್ಲುತ್ತದೆ, ಕೋವಿಗೆ ತುಕ್ಕು ಹಿಡಿಯುತ್ತದೆ. ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸುತ್ತಿರಿ.

ಪ್ರಶ್ನೆ: ಮನೆಯಲ್ಲಿ ಹದಿನೈದು ವರ್ಷದ ಮಗ ಇದ್ದಾನೆ. ಬಂದೂಕು ಎಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ. ಇತ್ತೀಚೆಗೆ ಯಾಕೋ ತುಂಬಾ ಮಂಕಾಗಿದ್ದಾನೆ. ಎಂಥ ಸೇಫ್ ತರಲಿ?

ಅವನಿಗೆ ಗೊತ್ತಿಲ್ಲ ಅನ್ನುವುದನ್ನು ಮೊದಲು ಮನಸ್ಸಿನಿಂದ ತೆಗೆಯಿರಿ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಪ್ಪ ಅಮ್ಮಂದಿರನ್ನೂ ಮಕ್ಕಳನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದರು. ಮಕ್ಕಳಿಗೆ ಜಾಗ ಗೊತ್ತಿಲ್ಲ ಅಂದ ಹೆತ್ತವರಲ್ಲಿ 39%ರಷ್ಟು ಜನರ ಮಕ್ಕಳಿಗೆ ಅದು ಗೊತ್ತಿತ್ತು. ಮುಟ್ಟೇ ಇಲ್ಲ ಅಂದವರಲ್ಲಿ 22% ಜನರ ಮಕ್ಕಳು ಅದನ್ನು ಕೈಯಲ್ಲಿ ಹಿಡಿದಿದ್ದರು. 2005ರ ಇನ್ನೊಂದು ಅಧ್ಯಯನ ನಾಲ್ಕು ವಿಷಯ ನೋಡಿತ್ತು: ಬಂದೂಕಿಗೆ ಬೀಗ, ಅದರೊಳಗೆ ಗುಂಡು ಇಲ್ಲದಿರುವುದು, ಗುಂಡುಗಳಿಗೂ ಬೀಗ, ಎರಡೂ ಬೇರೆ ಬೇರೆ ಕಡೆ ಇರುವುದು. ಆ ವಯಸ್ಸಿನವರ ಆತ್ಮಹತ್ಯೆಯೂ ಆಕಸ್ಮಿಕ ಗುಂಡೇಟೂ ಈ ನಾಲ್ಕರಲ್ಲಿ ಒಂದೊಂದಿದ್ದ ಮನೆಗಳಲ್ಲೂ ಕಡಿಮೆ ಇದ್ದವು. ಹದಿನೈದು ವರ್ಷದವನಿಗೆ ಯೂಟ್ಯೂಬ್ ಗೊತ್ತು, ನಿಮ್ಮ ಹುಟ್ಟಿದ ದಿನ ಗೊತ್ತು, ನಿಮ್ಮ ಮೊಬೈಲಿನ ಪಿನ್ ಕೂಡ ಗೊತ್ತಿರಬಹುದು.

ಆದರೆ ನಿಮ್ಮ ಪತ್ರದಲ್ಲಿ ಸೇಫ್‌ಗಿಂತ ದೊಡ್ಡದು ಕೊನೆಗೆ ಬರೆದ ಸಾಲು. ಅವನು ಮಂಕಾಗಿರುವಷ್ಟು ದಿನ ಯಾವ ಸೇಫೂ ಬೇಡ, ಬಂದೂಕನ್ನೇ ಮನೆಯಿಂದ ಆಚೆ ಕಳಿಸಿ. ಎಲ್ಲಿ ಇಡಲು ಕಾನೂನು ಬಿಡುತ್ತದೆ ಅಂತ ಪರವಾನಗಿ ಕೊಟ್ಟವರನ್ನೇ ಕೇಳಿ, ಇವತ್ತೇ ಕೇಳಿ. ಮಗನ ಜೊತೆ ಕೂತು ನೇರವಾಗಿ ಮಾತಾಡಿ, ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳಲು ಹಿಂಜರಿಯಬೇಡಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ಪೆಟ್ಟಿಗೆಯ ಜೊತೆ ಬಂದ ಎರಡು ಕೀಲಿಗಳನ್ನು ಎಲ್ಲಿಡಬೇಕು?

ಪೆಟ್ಟಿಗೆಯ ಒಳಗಂತೂ ಬೇಡ, ಬ್ಯಾಟರಿ ಸತ್ತ ದಿನ ನೆನಪಾಗುತ್ತದೆ. ಮೇಜಿನ ಡ್ರಾಯರ್, ಬೀರುವಿನ ಮೇಲೆ, ಸೇಫ್‌ನ ತಲೆಯ ಮೇಲೆ, ಇವು ಕಳ್ಳನೂ ಮಕ್ಕಳೂ ಮೊದಲು ಕೈ ಹಾಕುವ ಜಾಗಗಳು. ಒಂದನ್ನು ದಿನಾ ಜೊತೆಯಲ್ಲಿರುವ ನಿಮ್ಮ ಕೀಲಿಗೊಂಚಲಿಗೆ ಹಾಕಿ, ಇನ್ನೊಂದನ್ನು ಮನೆಯಿಂದ ಹೊರಗೆ, ಬ್ಯಾಂಕ್ ಲಾಕರ್‌ನಲ್ಲಿ ಇಡಿ. ಕೀಲಿಯ ಮೇಲೆ ಕೊರೆದ ನಂಬರನ್ನು ಗುರುತು ಹಾಕಿಕೊಂಡು ಉಜ್ಜಿ ಅಳಿಸಿಬಿಡಿ. ಆ ನಂಬರ್ ನೋಡಿಯೇ ಇನ್ನೊಂದು ಕೀಲಿ ಮಾಡಿಸಬಹುದು. ಹೊಸ ಸೇಫ್ ಬಂತು ಅಂತ ಫೋಟೊ ತೆಗೆದು ಗ್ರೂಪ್‌ಗೆ ಹಾಕುವವರು ಕೀಲಿ ಫೋಟೊದಲ್ಲಿ ಬೀಳದ ಹಾಗೆ ದೂರ ಇಟ್ಟು ತೆಗೆಯಿರಿ.